ಇಳಿಯದ ಕೈ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ನರಹರಿ ಗುರುಗಳು ವಸ್ತುವಿನ ಒಳಗುಟ್ಟು ಕಲಿಸುತ್ತಿದ್ದರು.

ಚಿನ್ನ, ಸೀಸ, ಗಂಧಕ, ಯಾವುದನ್ನು ಒಡೆದರೂ ಕೊನೆಗೆ ಪರಮಾಣು. ಅದರ ನಡುವೆ ಪ್ರೋಟಾನು, ನ್ಯೂಟ್ರಾನು. ಸುತ್ತ ಎಲೆಕ್ಟ್ರಾನು. ಪ್ರೋಟಾನುಗಳ ಎಣಿಕೆ ಬದಲಾದರೆ ಧಾತುವೇ ಬೇರೆ. ಪ್ರೋಟಾನು ಮಾತ್ರ ಎಲ್ಲದರಲ್ಲೂ ಅದೇ.

"ಚಿನ್ನದ ಪ್ರೋಟಾನು ಸೀಸದ ಪ್ರೋಟಾನಿಗಿಂತ ಮೇಲಲ್ಲ" ಎನ್ನುತ್ತಿದ್ದರು ಗುರುಗಳು. ಜಗಲಿಯ ಮೇಲೆ ಕೂತ ಶಿಷ್ಯರು ತಲೆದೂಗುತ್ತಿದ್ದರು.

ಕೆಂಚನೂ ತಲೆದೂಗುತ್ತಿದ್ದ. ಅವನು ಊರಾಚೆಯ ಕೇರಿಯವನು. ಕೂರುತ್ತಿದ್ದದ್ದು ಜಗಲಿಯ ಕೆಳಗೆ, ಮಣ್ಣಿನ ಮೇಲೆ.

ಓದು ಮುಗಿದ ದಿನ ಶಿಷ್ಯರು ಒಬ್ಬೊಬ್ಬರಾಗಿ ನಮಸ್ಕರಿಸಿದರು. ಗುರುಗಳು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿದರು, ಬಾಳೆಹಣ್ಣು ಕೊಟ್ಟರು.

ಕೆಂಚನ ಸರದಿ ಬಂತು. ಹಣ್ಣು ಮೇಲಿನಿಂದ ಅವನ ಬೊಗಸೆಗೆ ಬಿತ್ತು. ಅಷ್ಟೇ.

ಎಲ್ಲರೂ ಹೋದರು. ಕೆಂಚ ಹೋಗಲಿಲ್ಲ.

"ಯಾಕೋ ಕೆಂಚ, ಹಣ್ಣು ಸಾಲದೇನೋ?"

"ಹಣ್ಣು ಸಾಕು ಗುರುಗಳೇ. ಕೈ ಬೇಕಾಗಿತ್ತು."

"ಯಾವ ಕೈ?"

"ಅವರೆಲ್ಲರ ತಲೆ ಮೇಲೆ ಇಟ್ರಲ್ಲ, ಅದು. ಬಂದ ದಿನದಿಂದ ಅದಕ್ಕೇ ಕಾದೆ. ಒಬ್ಬನೇ ಇದ್ದಾಗ ನನ್ನ ಕೈನೇ ನನ್ನ ತಲೆ ಮೇಲೆ ಇಟ್ಕೊಂಡು ನೋಡಿದ್ದೀನಿ. ಅದು ಹಾಗಿರಲ್ಲ."

ಗುರುಗಳು ಹೊಳೆಯ ಕಡೆ ನೋಡಿದರು.

"ಕಲಿತದ್ದು ಮರೆತೆಯಾ? ನನ್ನ ಅಂಗೈಯ ಎಲೆಕ್ಟ್ರಾನುಗಳು ನಿನ್ನ ನೆತ್ತಿಯ ಎಲೆಕ್ಟ್ರಾನುಗಳನ್ನು ತಳ್ಳುತ್ತವೆ. ನಡುವೆ ಕಣ್ಣಿಗೆ ಕಾಣದಷ್ಟು ಜಾಗ ಉಳಿದೇ ಉಳಿಯುತ್ತದೆ. ಈ ಲೋಕದಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ ಮಗು. ಸುಮ್ಮನೆ ಯಾಕೆ ಕೊರಗುತ್ತೀಯ?"

"ಹಾಗಾದ್ರೆ ಒಳ್ಳೇದೇ ಆಯ್ತು. ಮುಟ್ಟಿದ್ರೂ ಮುಟ್ಟಿದ ಹಾಗಲ್ಲ. ಮೈಲಿಗೆ ಎಲ್ಲಿಂದ ಬರುತ್ತೆ? ಇಡಿ."

"ಭಾರಿ ಜಾಣನಾಗಿಬಿಟ್ಟೆ" ಎಂದು ಗುರುಗಳು ನಕ್ಕರು.

ಕೆಂಚ ನಗಲಿಲ್ಲ.

"ಉಪ್ಪಿನ ಪಾಠ ಹೇಳಿದ್ದೂ ನೀವೇ. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನ ಕ್ಲೋರಿನ್‌ಗೆ ಕೊಡುತ್ತೆ, ಆಮೇಲೆ ಎರಡೂ ಒಂದನ್ನೊಂದು ಬಿಡದೆ ಹಿಡ್ಕೋತವೆ ಅಂದ್ರಿ. ಸೋಡಿಯಂ ಅದನ್ನ ಮೇಲಿಂದ ಎಸೀತಾ, ಗುರುಗಳೇ?"

ಗುರುಗಳ ನಗು ನಿಂತಿತು.

ಕೆಂಚ ಮಂಡಿಯೂರಿ ತಲೆ ಬಾಗಿಸಿದ.

ಗುರುಗಳ ಕೈ ಎದ್ದಿತು. ಅವನ ತಲೆಯ ಕಡೆ ಬಂತು. ನಾಲ್ಕು ಬೆರಳಷ್ಟು ಮೇಲೆ ನಿಂತುಬಿಟ್ಟಿತು. ಇಳಿಯಲಿಲ್ಲ.

ಅಂಗೈಯ ಬಿಸಿ ನೆತ್ತಿಗೆ ತಿಳಿಯುತ್ತಿತ್ತು. ಕೆಂಚ ಕಣ್ಣು ಮುಚ್ಚಿಕೊಂಡ. ಇನ್ನೊಂದಿಷ್ಟು. ಇನ್ನೊಂದೇ ಇಷ್ಟು.

"ಗುರುಗಳೇ, ಎಲೆಕ್ಟ್ರಾನು ಇಷ್ಟು ದೂರದಿಂದ ತಳ್ಳುತ್ತಾ?"

ಗುರುಗಳು ತಮ್ಮ ಕೈಯನ್ನೇ ನೋಡಿದರು.

"ಎಲೆಕ್ಟ್ರಾನು ಅಲ್ಲ ಕಣೋ" ಎಂದರು ಗುರುಗಳು. "ನಾನು."

"ಇಳಿಯುತ್ತಾ?"

"ಗೊತ್ತಿಲ್ಲ."

"ಕಾಯ್ತೀನಿ."

"ಕಾಯಬೇಡ. ಇಂಥ ಕೈಗಳ ಕೆಳಗೆ ನಿಮ್ಮಜ್ಜ ಬಗ್ಗಿದ, ನಿಮ್ಮಪ್ಪ ಬಗ್ಗಿದ. ನೀನು ಎದ್ದು ನಿಲ್ಲು."