ರೆಕ್ಕೆಯ ಉದ್ದ ಕೇಳಿದ ಅರ್ಜಿ

ಮಕ್ಕಳೇ, ದೊಡ್ಡ ಕೆರೆಯೊಂದರ ದಂಡೆಯ ಕಾಡಿನಲ್ಲಿ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಹಕ್ಕಿಗಳಿಗೆ ಹಾರಾಟದ ಪದವಿ ಕೊಡುತ್ತಿದ್ದರು. ಮೂರು ವರ್ಷದ ಓದು, ಹಾಜರಿ, ಪರೀಕ್ಷೆ, ಅಂಕ ಎಲ್ಲ ಇತ್ತು. ಇದರ ಜೊತೆಗೆ ಕಾಡಿನ ಎಲ್ಲರಿಗೂ ಒಂದೆರಡು ದಿನದ ಕಾರ್ಯಾಗಾರಗಳು ನಡೆಯುತ್ತಿದ್ದವು. ಇವಕ್ಕೆ ಪರೀಕ್ಷೆಯೂ ಇಲ್ಲ, ಅಂಕವೂ ಇಲ್ಲ. ಬಂದು ಕಲಿತುಕೊಂಡು ಮನೆಗೆ ಹೋದರೆ ಆಯಿತು.

ಈ ಕಾರ್ಯಾಗಾರಗಳ ಉಸ್ತುವಾರಿ ಕೊಕ್ಕರೆ ನೀಳಪ್ಪನವರದು. ಕೆರೆ ದಂಡೆಯ ಮತ್ತಿಮರದ ತುದಿಯಲ್ಲಿ ಅವರ ಗೂಡು, ಅದೇ ಅವರ ಕಚೇರಿ. ಕೆಟ್ಟವರಲ್ಲ ಪಾಪ, ಹೊತ್ತಿಗೆ ಸರಿಯಾಗಿ ಕೆಲಸ ಮಾಡುವವರು. ಆದರೆ ಅವರಿಗೊಂದು ಚಾಳಿ ಇತ್ತು. ಯಾವುದನ್ನೇ ಆಗಲಿ ಕೂತ ಕೊಂಬೆಯಿಂದಲೇ ನೋಡಿ ತೀರ್ಮಾನ ಮಾಡಿಬಿಡುತ್ತಿದ್ದರು. ಕೆಳಗಿಳಿದು ಯಾರನ್ನೂ ಕೇಳುತ್ತಿರಲಿಲ್ಲ.

ಅದೇ ಮರದ ಬುಡದಲ್ಲಿ, ಬೇರುಗಳ ನಡುವೆ ಇಲಿ ಗಿಡ್ಡಕ್ಕನ ಬಿಲ. ಹಿಂದಿನ ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿ ಅವಳ ಎರಡು ಮರಿಗಳು ಹೋಗಿದ್ದವು. ಈಗ ಮತ್ತೆ ನಾಲ್ಕು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಈ ಸಲ ಮಳೆ ಹಿಡಿಯುವ ಮುಂಚೆ ಬಿಲದ ಬಾಯಿಗೆ ಕಟ್ಟೆ ಕಟ್ಟುವುದನ್ನು ಕಲಿಯಲೇಬೇಕು ಎಂದು ಅವಳು ಹಟ ಹಿಡಿದಿದ್ದಳು. ಅದನ್ನು ಕಲಿಸಬಲ್ಲವರು ಕಾಡಿನಲ್ಲಿ ಒಬ್ಬರೇ, ಚಿಪ್ಪುಹಂದಿ ಮೇಷ್ಟ್ರು.

ಆ ವರ್ಷ ಮೇಷ್ಟ್ರ ಕಾಲು ಉಳುಕಿತು. ಅವರಿದ್ದದ್ದು ಕೆರೆಯ ಆಚೆ ದಂಡೆಯಲ್ಲಿ, ನಡೆದು ಬರುವ ಹಾಗಿರಲಿಲ್ಲ. ಕಾಡಿಗೂ ಆಗ ಫೋನು ಬಂದಿತ್ತಲ್ಲ, ಅವರ ಕಟ್ಟೆ ಕಟ್ಟುವ ಕಾರ್ಯಾಗಾರವನ್ನು ಆನ್‌ಲೈನ್‌ನಲ್ಲೇ ಮಾಡೋಣ ಎಂದು ಎಲ್ಲರೂ ಒಪ್ಪಿದರು. ಅದಕ್ಕೆ ಯಾವ ವೇದಿಕೆ ಎಂದು ಆರಿಸುವ ಕೆಲಸ ನೀಳಪ್ಪನವರ ಪಾಲಿಗೆ ಬಂತು.

ಕಚೇರಿಯ ಗುಮಾಸ್ತರು ಮುದಿ ಆಮೆ. ಅವರು ಮರದ ಕೆಳಗೆ ನಿಂತು ಒಂದು ಸಲಹೆ ಕೊಟ್ಟರು. ಬಿಲದಲ್ಲಿರುವವರಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಮೇಷ್ಟ್ರ ಪಾಠವನ್ನು ಧ್ವನಿ ಸಂದೇಶ ಮಾಡಿ ಎಲ್ಲರ ಫೋನಿಗೂ ಕಳಿಸಿದರೆ ಬಿಡುವಾದಾಗ ಕೇಳಿಕೊಳ್ಳುತ್ತಾರೆ, ಬೇಕಾದರೆ ನಾನೇ ನಾಲ್ಕು ಮನೆ ತಿರುಗಿ ವಿಚಾರಿಸಿ ಬರುತ್ತೇನೆ ಎಂದರು.

ನೀಳಪ್ಪನವರಿಗೆ ನಗು ಬಂತು. "ನೀವು ನಾಲ್ಕು ಮನೆ ತಿರುಗುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ ಗುಮಾಸ್ತರೇ. ಪದವಿ ತರಗತಿಗೆ ಇರುವ ವೇದಿಕೆಯನ್ನೇ ಇದಕ್ಕೂ ಬಳಸೋಣ. ಹಾಜರಿ, ಅಂಕಪಟ್ಟಿ, ಪ್ರಮಾಣಪತ್ರ ಎಲ್ಲ ಅದೇ ಮಾಡಿಕೊಳ್ಳುತ್ತದೆ."

"ಈ ಪಾಠಕ್ಕೆ ಅಂಕಪಟ್ಟಿ ಯಾಕೆ ಸರ್?" ಎಂದರು ಆಮೆ.

ನೀಳಪ್ಪನವರು ಗೂಡಿನಲ್ಲಿ ಕೂತು ವೇದಿಕೆಯನ್ನು ಪರೀಕ್ಷಿಸಿದರು. ಮರದ ತುದಿ ನೋಡಿ, ಸಿಗ್ನಲ್ ತುಂಬಿ ತುಳುಕುತ್ತಿತ್ತು. ಅರ್ಜಿಯಲ್ಲಿ ರೆಕ್ಕೆಯ ಉದ್ದ ಕೇಳಿತು, ಹಾಕಿದರು. ಪರೀಕ್ಷೆಯ ನೋಂದಣಿ ಸಂಖ್ಯೆ ಕೇಳಿತು, ತಾವು ಪದವಿ ಓದಿದಾಗಿನದನ್ನು ಹಾಕಿದರು. ಒಂದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಬಹಳ ಸುಲಭವಾಗಿದೆ ಎಂದು ಬರೆದು ಸಹಿ ಮಾಡಿದರು.

ಮರುದಿನ ಗಿಡ್ಡಕ್ಕ ಅರ್ಜಿ ತೆರೆಯಲು ಹೋದಳು. ಬಿಲದೊಳಗೆ ಅದು ತೆರೆಯಲೇ ಇಲ್ಲ. ಹೊರಗೆ ಬಂದು ಕಲ್ಲಿನ ಮೇಲೆ ನಿಂತು ಹೆಸರು, ವಿಳಾಸ ತುಂಬಿದಳು. ಆಮೇಲೆ ರೆಕ್ಕೆಯ ಉದ್ದ ಬಂತು. ಖಾಲಿ ಬಿಟ್ಟರೆ ಕೆಂಪು ಅಕ್ಷರ. ಸೊನ್ನೆ ಹಾಕಿದರೂ ಕೆಂಪು ಅಕ್ಷರ. ಮರಿಗಳಿಗೆ ಹಾಲು ಕುಡಿಸಿ ಮಲಗಿಸಿ, ಅವಳು ಮರ ಹತ್ತತೊಡಗಿದಳು. ತುದಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

"ಸರ್, ನನಗೆ ರೆಕ್ಕೆ ಇಲ್ಲ," ಎಂದಳು ಏದುಸಿರು ಬಿಡುತ್ತಾ.

"ಗೊತ್ತಮ್ಮ."

"ನಿಮಗೆ ಗೊತ್ತು, ಅರ್ಜಿಗೆ ಗೊತ್ತಿಲ್ಲ. ಮುಂದಕ್ಕೆ ಬಿಡುತ್ತಿಲ್ಲ."

"ನಿಯಮ ಎಲ್ಲರಿಗೂ ಒಂದೇ ಕಣಮ್ಮ. ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಗಮನವಿಟ್ಟು ಇನ್ನೊಮ್ಮೆ ತುಂಬಿ ನೋಡು."

ಹೋದ ವರ್ಷದ ಮರಿಗಳ ವಿಷಯ ಅವಳು ಹೇಳಿದಳು. ನೀಳಪ್ಪನವರಿಗೂ ಅಯ್ಯೋ ಅನ್ನಿಸಿತು. ವೇದಿಕೆಯವರಿಗೆ ಬರೆಯುತ್ತೇನೆ, ಹದಿನೈದು ದಿನದಲ್ಲಿ ಉತ್ತರ ಬರುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದರು. ಮಳೆ ಹದಿನೈದು ದಿನ ಕಾಯುತ್ತದೆಯೇ, ನೀವೇ ಹೇಳಿ.

ಕಾರ್ಯಾಗಾರದ ದಿನ ಬಂತು. ಇಲಿ, ಮೊಲ, ಮುಳ್ಳುಹಂದಿ, ಬಿಲದವರೆಲ್ಲ ರೆಕ್ಕೆಯ ಉದ್ದದ ಹತ್ತಿರವೇ ಸಿಕ್ಕಿಕೊಂಡಿದ್ದರು. ಒಳಗೆ ಬಂದದ್ದು ನೀಳಪ್ಪನವರು ಒಬ್ಬರೇ.

"ಯಾರಾದರೂ ಇದ್ದೀರಾ?" ಎಂದು ಕೇಳಿದರು ಮೇಷ್ಟ್ರು.

"ನಾನಿದ್ದೇನೆ ಮೇಷ್ಟ್ರೇ."

"ನಿಮಗೆ ಬಿಲ ಇದೆಯಾ?"

"ಇಲ್ಲ."

ಮೇಷ್ಟ್ರು ಒಪ್ಪಿಕೊಂಡ ಪಾಠ, ಮಾಡದೆ ಇರುವುದು ಹೇಗೆ? ಜೇಡಿಮಣ್ಣು ಕಲಸುವುದು, ಬಿಲದ ಬಾಯಿಯ ಸುತ್ತ ಕಟ್ಟೆ ಹಾಕಿ ತಟ್ಟಿ ಗಟ್ಟಿ ಮಾಡುವುದು, ನೀರು ಪಕ್ಕಕ್ಕೆ ಹರಿಯಲು ಕಾಲುವೆ ತೆಗೆಯುವುದು, ಎಲ್ಲವನ್ನೂ ಎರಡು ಗಂಟೆ ಬಿಡಿಸಿ ಹೇಳಿದರು. ಕೊನೆಗೆ ವೇದಿಕೆಯಿಂದ ಚಿನ್ನದ ಅಂಚಿನ ಪ್ರಮಾಣಪತ್ರ ಬಂತು. ನೀಳಪ್ಪನವರು ಅದನ್ನು ಗೂಡಿನಲ್ಲಿ ತೂಗುಹಾಕಿ, ಹಾಜರಿ ನೂರಕ್ಕೆ ನೂರು ಎಂದು ವರದಿ ಬರೆದರು. ಸುಳ್ಳೇನೂ ಅಲ್ಲ, ಹೆಸರು ಕೊಟ್ಟವರು ಒಬ್ಬರು, ಬಂದವರೂ ಒಬ್ಬರು.

ಅದಾದ ಮೂರನೆಯ ದಿನ ಬೆಳಿಗ್ಗೆಯೇ ಮಳೆ ಹಿಡಿಯಿತು. ನೀರು ಗಿಡ್ಡಕ್ಕನ ಬಿಲಕ್ಕೆ ನೇರವಾಗಿ ನುಗ್ಗಿತು. ಅವಳು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಎದುರಿನ ಹುತ್ತದ ಮೇಲಕ್ಕೆ ಸಾಗಿಸಿದಳು. ನಾಲ್ಕನೆಯದನ್ನು ತರುವಾಗ ನೀರು ಅವಳ ಕತ್ತಿನವರೆಗೆ ಬಂದಿತ್ತು. ನಾಲ್ಕೂ ಉಳಿದವು.

ಆದರೆ ನೀರು ಬಿಲದಲ್ಲಿ ಸುಮ್ಮನೆ ನಿಲ್ಲಲಿಲ್ಲ. ಒಂದು ಬಿಲದಿಂದ ಇನ್ನೊಂದಕ್ಕೆ ಹರಿದು ಮತ್ತಿಮರದ ಬೇರಿನ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮರ ವಾಲಿತು, ಆಮೇಲೆ ಕೆರೆಗೆ ಉರುಳಿತು. ರೆಕ್ಕೆ ಇದ್ದ ಪುಣ್ಯಕ್ಕೆ ನೀಳಪ್ಪನವರು ಬದುಕಿಕೊಂಡರು. ಗೂಡು, ಫೋನು, ಚಿನ್ನದ ಅಂಚಿನ ಪ್ರಮಾಣಪತ್ರ ಎಲ್ಲ ನೀರುಪಾಲಾಯಿತು.

ಕೂರಲು ಕೊಂಬೆಯಿಲ್ಲದೆ ಅವರು ಹುತ್ತದ ಪಕ್ಕದ ಕೆಸರಿಗೆ ಬಂದಿಳಿದರು. ಗಿಡ್ಡಕ್ಕ ಮರಿಗಳ ಮೈ ನೆಕ್ಕಿ ಒಣಗಿಸುತ್ತಿದ್ದಳು. ನೀಳಪ್ಪನವರು ಅವಳ ಮುಂದೆ ತಲೆ ತಗ್ಗಿಸಿ ಕೇಳಿದರು.

"ಹೇಗೆ ಮಾಡಿದ್ದರೆ ನಿನಗೆ ಕಲಿಯಲು ಆಗುತ್ತಿತ್ತಮ್ಮ?"

"ಈ ಮಾತನ್ನು ಮೊದಲೇ ಕೇಳಿದ್ದರೆ ನನಗೂ ಮನೆ ಇರುತ್ತಿತ್ತು ಸರ್, ನಿಮಗೂ ಇರುತ್ತಿತ್ತು," ಎಂದಳು ಗಿಡ್ಡಕ್ಕ.

ಮೇಷ್ಟ್ರ ಪಾಠ ಕೇಳಿದ್ದವರು ಕಾಡಿಗೆಲ್ಲ ನೀಳಪ್ಪನವರೊಬ್ಬರೇ ತಾನೆ? ಮಳೆ ಬಿಟ್ಟ ಕೂಡಲೇ ಕೆಸರಿನಲ್ಲಿ ಕಾಲೆಳೆದುಕೊಂಡು ಬಿಲದಿಂದ ಬಿಲಕ್ಕೆ ನಡೆದರು, ಬಗ್ಗಿ ಕೂತು, ಕೇಳಿದ್ದನ್ನೆಲ್ಲ ಒಬ್ಬೊಬ್ಬರಿಗೂ ಹೇಳಿಕೊಟ್ಟರು. ಮೊದಲ ಕಟ್ಟೆ ಗಿಡ್ಡಕ್ಕನ ಹೊಸ ಬಿಲಕ್ಕೆ ಆಯಿತು. ಜೇಡಿಮಣ್ಣು ತಂದುಕೊಟ್ಟವರು ನೀಳಪ್ಪನವರೇ.

ನೀತಿ: ಯಾರಿಗಾಗಿ ಏರ್ಪಾಡು ಮಾಡುತ್ತೇವೆಯೋ ಅವರನ್ನು ಮೊದಲು ಕೇಳಬೇಕು, ನಮಗೆ ಸುಲಭವಾದದ್ದು ಅವರಿಗೂ ಸುಲಭ ಎಂದುಕೊಳ್ಳಬಾರದು.