ಗಂಟಲುಬೇನೆಯ ಕಷಾಯ

ಶಿಷ್ಯ ಮರುಳಯ್ಯ ಕೇಳಿದ: “ಗುರುಗಳೇ, ಕಾಡಿನಲ್ಲಿ ಬೇರು, ಸೊಪ್ಪು ಬಿಟ್ಟಿಯಾಗಿ ಸಿಗುತ್ತವೆ. ಹಾಗಿದ್ದೂ ಒಂದು ಹೊಸ ಔಷಧಿ ಹುಟ್ಟಬೇಕಾದರೆ ಇಷ್ಟೊಂದು ವರ್ಷ, ಇಷ್ಟೊಂದು ಹಣ ಯಾಕೆ ಬೇಕು? ಅಷ್ಟೆಲ್ಲ ಸುರಿದ ಮೇಲೂ ಹೆಚ್ಚಿನವು ಯಾಕೆ ಮಣ್ಣುಪಾಲಾಗುತ್ತವೆ?”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಆ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಮಕ್ಕಳಿಗೆ ಗಂಟಲುಬೇನೆ ಹತ್ತುತ್ತಿತ್ತು. ಗಂಟಲು ಬಾತು, ಉಸಿರು ಕಟ್ಟಿ, ಐದಾರು ದಿನಗಳಲ್ಲಿ ಎಷ್ಟೋ ಮಕ್ಕಳು ಹೋಗಿಬಿಡುತ್ತಿದ್ದರು. ವೈದ್ಯನ ಮಗಳೂ ಹಾಗೆಯೇ ಹೋದಳು. ಅಂದಿನಿಂದ ಅವನು ಆ ಬೇನೆಗೆ ಮದ್ದು ಹುಡುಕತೊಡಗಿದ.

ಕಾಡು ಅಲೆದು ತಂದ ಬೇರು, ತೊಗಟೆಗಳನ್ನು ಕುದಿಸಿ ಮೊದಲು ಆಡುಗಳಿಗೆ ಕುಡಿಸಿದ. ಆಡು ಬದುಕಿದರೆ ತಾನು ಕುಡಿದ. ಒಂದು ಬೇರು ಅವನ ಎಡಗಿವಿಯನ್ನು ಕಿವುಡು ಮಾಡಿತು. ಈ ಖರ್ಚಿಗೆ ಹೆಂಡತಿಯ ತವರಿನವರು ಕೊಟ್ಟ ಹೊಲ ಕೈಬಿಟ್ಟುಹೋಯಿತು. ಹದಿನಾಲ್ಕು ವರ್ಷ ಕಳೆದ ಮೇಲೆ ಒಂದು ಮರದ ತೊಗಟೆ ಸಿಕ್ಕಿತು. ಅದರ ಕಷಾಯದಿಂದ ಆಡಿಗೂ ಏನೂ ಆಗಲಿಲ್ಲ, ಅವನಿಗೂ ಏನೂ ಆಗಲಿಲ್ಲ. ಆ ಚಳಿಗಾಲದಲ್ಲಿ ಬೇನೆ ಬಿದ್ದ ಆರು ಮಕ್ಕಳಿಗೆ ಕೊಟ್ಟ. ನಾಲ್ವರು ಎದ್ದು ಓಡಾಡಿದರು.

ಊರಿಗೆ ಊರೇ ಅವನ ಬಾಗಿಲಿಗೆ ಬಂತು. ತೊಗಟೆಯನ್ನು ಗಾಡಿಗೆ ಹೇರಿ ಸುತ್ತಲಿನ ಊರುಗಳಿಗೆ ಸಾಗಿಸುತ್ತೇನೆಂದು ಒಬ್ಬ ವ್ಯಾಪಾರಿ ಮುಂದೆ ಬಂದ. ವೈದ್ಯ ಒಪ್ಪಲಿಲ್ಲ. ಮದ್ದಿಲ್ಲದೆ ಬದುಕಿದ ಮಕ್ಕಳನ್ನೂ ಅವನು ಕಂಡಿದ್ದ. ಈ ನಾಲ್ವರನ್ನು ಉಳಿಸಿದ್ದು ತೊಗಟೆಯೋ, ಅವರ ಆಯುಸ್ಸೋ? ಅವನಿಗೆ ತಿಳಿಯದು.

ಮರುವರ್ಷ ಇಪ್ಪತ್ತು ಮಕ್ಕಳು ಮಲಗಿದರು. ವೈದ್ಯ ತಾಯಿತಂದೆಯರನ್ನು ಕರೆಸಿ, ಹತ್ತು ಮಕ್ಕಳಿಗೆ ತೊಗಟೆಯ ಕಷಾಯ, ಹತ್ತು ಮಕ್ಕಳಿಗೆ ಬರೀ ಬೇವಿನ ನೀರು ಕೊಡುವುದಾಗಿ ಹೇಳಿದ. ಹಾಗೆ ಮಾಡದ ಹೊರತು ಇದು ಮದ್ದು ಹೌದೋ ಅಲ್ಲವೋ ಗೊತ್ತಾಗುವುದಿಲ್ಲವೆಂದ. ಕೆಲವರು ಬೈದರು. ಕೊನೆಗೆ ಬೇರೆ ದಾರಿಯಿಲ್ಲದೆ ಎಲ್ಲರೂ ಒಪ್ಪಿದರು. ಎಲ್ಲರೆದುರು ಚೀಟಿ ಎತ್ತಿದರು.

ಒಬ್ಬ ನೇಕಾರ ಹೆಂಗಸಿಗೆ ಒಬ್ಬನೇ ಮಗ. ಅವನ ಪಾಲಿಗೆ ಬೇವಿನ ನೀರು ಬಂತು. ಎರಡನೆಯ ದಿನ ಅವಳು ವೈದ್ಯನ ಮನೆಗೆ ಬಂದಳು.

“ಪಂಡಿತರೇ, ಮದ್ದು ಮನೆಯಲ್ಲಿಟ್ಟುಕೊಂಡು ನನ್ನ ಮಗನಿಗೆ ಬೇವಿನ ನೀರು ಕುಡಿಸುತ್ತಿದ್ದೀರಲ್ಲ, ನಿಮ್ಮ ಮಗಳಾಗಿದ್ದರೆ ಚೀಟಿ ಎತ್ತುತ್ತಿದ್ದಿರಾ?”

ವೈದ್ಯ ಒಳಗೆ ಹೋಗಿ ತೊಗಟೆಯ ಕಷಾಯವನ್ನು ತಂಬಿಗೆಗೆ ಬಗ್ಗಿಸಿ ಅವಳ ಕೈಗೆ ಕೊಟ್ಟ. ನಾಲ್ಕನೆಯ ದಿನ ಬೆಳಿಗ್ಗೆ ಹುಡುಗ ಸತ್ತ. ಗಂಟಲಿನ ಬಾವು ಇಳಿದಿತ್ತು. ಆದರೆ ಎದೆಬಡಿತ ನಿಂತುಹೋಗಿತ್ತು.

ಮಣ್ಣು ಮಾಡಿದ ಮೇಲೆ ಅವಳು ಮತ್ತೆ ಬಂದಳು. “ನೀವು ನನ್ನ ಮಾತು ನಡೆಸಿಕೊಟ್ಟಿರಿ. ಅವನ ಋಣವೇ ಅಷ್ಟಿತ್ತು” ಎಂದು ವೈದ್ಯನ ಕಾಲು ಮುಟ್ಟಿದಳು. ಅವಳು ಹೋದ ಮೇಲೆ ಅವನು ಹುಡುಗನ ಹೆಸರನ್ನು ತೊಗಟೆ ಕುಡಿದವರ ಸಾಲಿಗೆ ಬರೆದುಕೊಂಡ.

ಚಳಿಗಾಲ ಮುಗಿಯುವ ಹೊತ್ತಿಗೆ ಎಲ್ಲ ತಿಳಿಯಿತು. ತೊಗಟೆಯ ಕಷಾಯ ಕುಡಿದ ಹನ್ನೊಂದು ಮಕ್ಕಳಲ್ಲಿ ಏಳು ಮಂದಿ ಸತ್ತಿದ್ದರು, ಅವರಲ್ಲಿ ಆರು ಮಂದಿ ಗಂಟಲಿನ ಬಾವು ಇಳಿದ ಮೇಲೆ ಎದೆಬಡಿತ ನಿಂತು. ಬೇವಿನ ನೀರು ಕುಡಿದ ಒಂಬತ್ತರಲ್ಲಿ ಸತ್ತವರು ಮೂವರು.

ಜನ ನಂಬಿದ್ದಾರೆ, ಸುಮ್ಮನಿದ್ದುಬಿಡಿ ಎಂದು ವ್ಯಾಪಾರಿ ಹೇಳಿದ. ವೈದ್ಯ ಊರವರನ್ನು ಸೇರಿಸಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಕೂಡಿಟ್ಟ ತೊಗಟೆಯನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟ. ನೇಕಾರ ಹೆಂಗಸು ಗುಂಪಿನ ಹಿಂದೆ ನಿಂತು ಕೇಳಿಸಿಕೊಂಡಳು. ಬೆಂಕಿ ಆರುವ ಮೊದಲೇ ಮನೆಗೆ ಹೋದಳು.

ಆಮೇಲೆ ಅವನ ಬಾಗಿಲಿಗೆ ಯಾರೂ ಬರಲಿಲ್ಲ. ಆ ಮರದ ಗುರುತು, ಕಷಾಯದ ಪಾಕ, ಸತ್ತ ಮಕ್ಕಳ ಹೆಸರು, ಎಲ್ಲವನ್ನೂ ಅವನು ಬರೆದಿಟ್ಟ. ಅದರ ಪ್ರತಿಗಳನ್ನು ತಾನೇ ಹೊತ್ತು ಸುತ್ತಲಿನ ವೈದ್ಯರಿಗೆಲ್ಲ ಮುಟ್ಟಿಸಿ ಬಂದ. ಮತ್ತೆ ಕಾಡು ಹೊಕ್ಕು ಇನ್ನೊಂದು ಬೇರು ಹುಡುಕುತ್ತ ಎರಡು ವರ್ಷ ಬದುಕಿದ್ದ. ಮದ್ದು ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಆ ಮನುಷ್ಯ ಅಷ್ಟು ಪಾಡು ಪಟ್ಟಿದ್ದಕ್ಕೆ ಬಂದ ಫಲವೇನು?”

“ಆ ತೊಗಟೆಯನ್ನು ಮತ್ತೆ ಯಾವ ತಾಯಿಯೂ ತನ್ನ ಮಗುವಿಗೆ ಕುಡಿಸಲಿಲ್ಲ.”