ಎಲೆಗೆ ಅಡ್ಡ ಹಿಡಿದ ಕೈ

“ಗುರುಗಳೇ, ಬಡಿಸಿದ ಅನ್ನವನ್ನು ಬೇಡ ಎನ್ನುವವರಿಗೆ ನಾಳೆ ಮತ್ತೆ ಬಡಿಸಬೇಕೆ?” ಎಂದು ಶಿಷ್ಯ ಕೇಳಿದ. ಮಠದ ದಾಸೋಹದಲ್ಲಿ ಬಡಿಸಿ ಆಗಷ್ಟೇ ಬಂದಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ. “ಇವತ್ತು ಒಬ್ಬ ಹುಡುಗಿ ಎಲೆಗೆ ಕೈ ಅಡ್ಡ ಹಿಡಿದಳು. ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲ, ಸೊಕ್ಕು ಮಾತ್ರ ಇದೆ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಶೇಂಗಾ ವ್ಯಾಪಾರಿಯಿದ್ದ. ಅವನಿಗೆ ಹದಿನಾಲ್ಕು ವರ್ಷದ ಮಗಳು. ಒಂದು ದಿನ ಶೇಂಗಾ ಚಟ್ನಿ ತಿಂದು ಅವಳ ತುಟಿ ಊದಿತು, ಗಂಟಲು ಬಿಗಿಯಿತು, ಉಸಿರು ನಿಲ್ಲುವಂತಾಯಿತು. ವೈದ್ಯ ಓಡಿ ಬಂದ. ಹುಡುಗಿ ಉಳಿದಳು. ಅಂದಿನಿಂದ ಅವಳು ಎಲ್ಲಿ ಉಣ್ಣಲು ಕುಳಿತರೂ ಇದರಲ್ಲಿ ಶೇಂಗಾ ಇದೆಯೇ ಎಂದು ಊರೇ ವಿಚಾರಿಸುತ್ತಿತ್ತು.

ಆ ವ್ಯಾಪಾರಿಯ ಗೋದಾಮಿನಲ್ಲಿ ಶೇಂಗಾ ಸುಲಿಯುವ ಕೂಲಿಯವಳೊಬ್ಬಳಿದ್ದಳು. ಅವಳ ಮಗಳಿಗೂ ಅದೇ ವಯಸ್ಸು, ಅದೇ ರೋಗ. ವೈದ್ಯನನ್ನು ಕರೆಸುವ ಶಕ್ತಿ ತಾಯಿಗಿರಲಿಲ್ಲ. ಒಮ್ಮೆ ಜೊತೆಯ ಹೆಂಗಸರಿಗೆ ಹೇಳಿಕೊಂಡಳು. ಅವರು ನಕ್ಕರು. “ಅಯ್ಯ, ಸಾಹುಕಾರರ ಮನೆಯ ರೋಗಕ್ಕೆ ನಿನ್ನ ಗುಡಿಸಲಿನ ದಾರಿ ಯಾರೇ ತೋರಿಸಿದರು?” ಆಮೇಲೆ ಅವಳು ಆ ಮಾತನ್ನೇ ಎತ್ತಲಿಲ್ಲ.

ಮಗಳು ಉಳಿದ ಸಂತೋಷಕ್ಕೆ ವ್ಯಾಪಾರಿ ಊರಿಗೆಲ್ಲ ಊಟ ಹಾಕಿಸಿದ. ಒಳಗಿನ ಪಂಕ್ತಿಗೆ ಬೇಳೆಯ ಹೋಳಿಗೆ. ಅಂಗಳದ ಕೂಲಿಯವರಿಗೆ ಗೋದಾಮಿನ ಶೇಂಗಾದ ಹೋಳಿಗೆ. ಅದಕ್ಕೂ ತುಪ್ಪವಿತ್ತು; ಅವನೇನೂ ಜಿಪುಣನಲ್ಲ. ತಾನೇ ಬಡಿಸುತ್ತ ಬಂದ. ಮಗಳು ತುಪ್ಪದ ಗಿಂಡಿ ಹಿಡಿದು ಹಿಂದೆ ಬರುತ್ತಿದ್ದಳು.

ಕೂಲಿಯವಳ ಮಗಳು ಎಲೆಗೆ ಕೈ ಅಡ್ಡ ಹಿಡಿದಳು.

“ನನ್ನ ಮಗಳ ಹೆಸರಿನ ಊಟ. ಬೇಡ ಅಂತೀಯಾ?” ಎಂದ ವ್ಯಾಪಾರಿ.

“ಹಸಿದ ಹೊಟ್ಟೆಗೆ ಬಿಂಕ ಬೇರೆ ಕೇಡು” ಎಂದಳು ಪಕ್ಕದ ಮುದುಕಿ.

ತಾಯಿ ಮಗಳ ಹತ್ತಿರ ಸರಿದಳು. ತಿಂದರೆ ಮಗಳು ಉಳಿಯುವುದಿಲ್ಲ. ತಿನ್ನದಿದ್ದರೆ ನಾಳೆಯಿಂದ ಕೂಲಿ ಉಳಿಯುವುದಿಲ್ಲ. ನಿಜ ಹೇಳಿದರೆ ಇಡೀ ಪಂಕ್ತಿ ನಗುತ್ತದೆ. “ಹಾಕಿಸಿಕೋ ಮಗಳೇ, ತಿನ್ನಬೇಡ” ಎಂದು ಪಿಸುಗುಟ್ಟಿದಳು. ಶೇಂಗಾದ ಪುಡಿ ಅನ್ನಕ್ಕೆ ತಾಗಿದರೂ ಸಾಕು, ಉಸಿರು ಕಟ್ಟುತ್ತದೆಂದು ಹುಡುಗಿಗೆ ಗೊತ್ತಿತ್ತು. ಕೈ ತೆಗೆಯಲಿಲ್ಲ.

ವ್ಯಾಪಾರಿಯ ಮಗಳು ಆ ಕೈಯನ್ನು ನೋಡಿದಳು. ಬಗ್ಗಿ ಕೇಳಿದಳು: “ಯಾಕೆ ಬೇಡ? ನಿನಗೂ ಗಂಟಲು ಬಿಗಿಯುತ್ತದಾ?”

ಹುಡುಗಿ ಹೌದೆಂದು ತಲೆ ಆಡಿಸಿದಳು.

ಯಾರೂ ನಗಲಿಲ್ಲ. ವ್ಯಾಪಾರಿ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟ. ಒಳಗಿನಿಂದ ಹೊಸ ಎಲೆ ಬಂತು, ಬೇಳೆಯ ಹೋಳಿಗೆ ಬಂತು. ಮರುದಿನ ವೈದ್ಯನೂ ಗುಡಿಸಲಿನ ದಾರಿ ಕಂಡ.

ಆ ತಾಯಿ ಬಹುಕಾಲ ಬಾಳಿದಳು. ತುತ್ತು ಎತ್ತುವ ಮೊದಲು ದಿನವೂ ವ್ಯಾಪಾರಿಯ ಮಗಳನ್ನು ನೆನೆದು ಕೈ ಮುಗಿಯುತ್ತಿದ್ದಳು. “ಒಂದು ಹೋಳಿಗೆಗೆ ಎಷ್ಟು ದಿನ ಕೈ ಮುಗಿಯುತ್ತೀಯವ್ವ?” ಎಂದು ನೆರೆಯವರು ಕೆಣಕಿದರೆ ಹೇಳುತ್ತಿದ್ದಳು: “ತಿನ್ನು ಅಂದವರು ಬಹಳ ಮಂದಿ. ಯಾಕೆ ಬೇಡ ಅಂತ ಕೇಳಿದವಳು ಅವಳೊಬ್ಬಳೇ.”

ಕತೆ ಮುಗಿಯಿತು. “ದೊಡ್ಡ ಮನಸ್ಸು ಆ ಹುಡುಗಿಯದು” ಎಂದ ಶಿಷ್ಯ.

ಗುರುಗಳು ಕೇಳಿದರು: “ಇವತ್ತಿನ ಹುಡುಗಿ ಏನು ಕಾರಣ ಹೇಳಿದಳು?”

ಶಿಷ್ಯ ಎದ್ದು, ಅವಳನ್ನು ಕೇಳಲು ದಾಸೋಹದ ಕಡೆಗೆ ಹೊರಟ.